ಭಾವನ ಅಂಗಡಿಗೆ ಎರಡನೇ ಕುರ್ಚಿ

ನಮ್ಮಕ್ಕನ ಗಂಡ ಕ್ಷೌರದಂಗಡಿ ಇಟ್ಟವರು. ಹಿಂದೆ ನಾನು ಅಲ್ಲಿಗೆ ಕೂದಲಿಗೆ ಹೋಗುತ್ತಿದ್ದೆ. ಈಗ ಅದು ನನ್ನ ಬಳಿ ಇಲ್ಲದ್ದರಿಂದ ಗಡ್ಡಕ್ಕೆ ಹೋಗುತ್ತೇನೆ. ಗಡ್ಡಕ್ಕೆ ಭಾವ ದುಡ್ಡು ತೆಗೆದುಕೊಳ್ಳುವುದಿಲ್ಲ, ಸಲಹೆಗೆ ನಾನು ತೆಗೆದುಕೊಳ್ಳುವುದಿಲ್ಲ.

ಅಂಗಡಿಗೊಂದೇ ಕುರ್ಚಿ, ದರ್ಜಿಗೊಂದೇ ಮೆಷಿನ್ನು ಎಂಬುದು ಬಹಳ ಕಾಲದ ಸರ್ಕಾರಿ ಕಟ್ಟಳೆ. ಈಚೆಗೆ ಆರ್ಥಿಕ ಸುಧಾರಣೆ ಬಂತು. ಎಷ್ಟು ಬೇಕಾದರೂ ಹಾಕಿಕೊಳ್ಳಿ ಎಂದು ಸಚಿವರು ರೇಡಿಯೋದಲ್ಲಿ ನಗುನಗುತ್ತಾ ಹೇಳಿದರು. ಭಾವನ ಮಗಳು ಅಷ್ಟರಲ್ಲಾಗಲೇ ಕೆಲಸ ಕಲಿತಿದ್ದಳು. ಎರಡನೇ ಕುರ್ಚಿ ಹಾಕಿಸದಿದ್ದರೆ ಬೇರೆ ಊರಿನ ಅಂಗಡಿ ಸೇರುತ್ತೇನೆ ಎಂದು ಅಪ್ಪನಿಗೆ ಹೇಳಿಬಿಟ್ಟಿದ್ದಳು.

“ಹಾಕಿಸಿಬಿಡಿ ಭಾವ,” ಎಂದೆ. “ದೇಶವೇ ಮುಂದೆ ಹೋಗ್ತಿದೆ.”

“ಹೋಗ್ಲಿ, ಯಾರು ಬೇಡ ಅಂದ್ರು? ಹೋದ್ಸಲಾನೂ ಹೀಗೇ ನಗ್ತಾ ಹೇಳಿದ್ರು. ಹಾಕ್ಸಿದೋರ ಕುರ್ಚಿಯೆಲ್ಲಾ ವ್ಯಾನಲ್ಲಿ ಹೋಯ್ತು. ಯಾಕೆ ಅಂತ ಕೇಳಿದೋರೂ ಅದೇ ವ್ಯಾನಲ್ಲಿ ಹೋದ್ರು.”

ಆ ಕುರ್ಚಿಗಳು ಈಗಲೂ ನಗರಸಭೆಯಲ್ಲಿವೆ. ಗುಮಾಸ್ತರು ಊಟವಾದ ಮೇಲೆ ಅವುಗಳಲ್ಲಿ ಹಿಂದಕ್ಕೊರಗಿ ನಿದ್ದೆ ಹೊಡೆಯುವುದನ್ನು ನಾನೇ ಕಂಡಿದ್ದೇನೆ. ಹಾಗಾಗಿ ಬೀದಿಯವರೆಲ್ಲ ಸುಧಾರಣೆಯನ್ನು ಬಾಯ್ತುಂಬ ಹೊಗಳುತ್ತ, ಮೊದಲು ಪಕ್ಕದವನು ಸುಧಾರಿಸಲಿ ಎಂದು ಕಾಯುತ್ತಿದ್ದರು.

ಎದುರಂಗಡಿಯ ದರ್ಜಿಯೊಬ್ಬ ಮಾತ್ರ, ಹೋದ ಸಲ ಜಪ್ತಿಯಾದ ತನ್ನ ಎರಡನೇ ಮೆಷಿನ್ನಿಗಾಗಿ ಕೋರ್ಟಿಗೆ ಹೋದ. ಚುನಾವಣೆಯಾದ ಮೇಲೆ ಕೋರ್ಟಿಗೆ ಧೈರ್ಯ ಬಂದಿದೆ ಎಂಬ ಸುದ್ದಿಯಿತ್ತು. ಪತ್ರಿಕೆಗಳೂ ಅವನ ದೂರನ್ನು ಅಚ್ಚು ಹಾಕಿದವು. “ಮುಗೀತು ಅವನ ಕಥೆ,” ಎಂದು ನಾನು ಭವಿಷ್ಯ ನುಡಿದೆ.

ಒಂದು ಬೆಳಗ್ಗೆ ಭಾವ ನನ್ನ ಬಲಗೆನ್ನೆ ಮುಗಿಸಿ ಎಡಗೆನ್ನೆಗೆ ನೊರೆ ಹಚ್ಚಿದ್ದರು. ಅದೇ ವ್ಯಾನು ಬಂದು ನಿಂತಿತು. ಭಾವನ ಕತ್ತಿ ಗಾಳಿಯಲ್ಲೇ ನಿಂತಿತು, ನನ್ನ ಉಸಿರೂ. ಜವಾನರಿಬ್ಬರು ಎದುರಂಗಡಿಯ ಮುಂದೆ ಹೊಲಿಗೆ ಮೆಷಿನ್ನು ಇಳಿಸಿದರು.

“ಮೆತ್ತಗೆ ಇಡ್ರಯ್ಯಾ! ನಿಮ್ಮಪ್ಪನ ಮನೇದಾ? ತುಕ್ಕು ಬೇರೆ ಹಿಡ್ಸಿದೀರಿ! ಸೂಜಿ ಎಲ್ಲಿ?” ನಡುಬೀದಿಯಲ್ಲಿ ದರ್ಜಿ ಗದರಿದ.

ಬೀದಿಗೆ ಬೀದಿಯೇ ಕಣ್ಣು ಮುಚ್ಚಿಕೊಂಡಿತು. ಏನೂ ಆಗಲಿಲ್ಲ.

“ಸೂಜಿ ನಾಳೆ ತಂದ್ಕೊಡ್ತೀವಿ ಸಾರ್,” ಎಂದ ಜವಾನ.

“ಸಾರ್ ಅಂದ್ನಲ್ಲೋ!” ಭಾವ ಕತ್ತಿಯನ್ನು ಮಗಳ ಕೈಗಿಟ್ಟು ಚಪ್ಪಲಿ ಮೆಟ್ಟಿದರು.

“ಎಲ್ಲಿಗೆ ಭಾವ? ನನ್ನ ಇನ್ನರ್ಧ ಮುಖ?”

“ಕುರ್ಚಿ ಮಾಡೋನ ಹತ್ರ ಕಣಯ್ಯ. ಅವಳು ಹೇಳ್ದಂಗೆ ಕೇಳ್ಕೊಂಡು ಕೂತಿರು.”

ಅಕ್ಕನ ಮಗಳು ನನ್ನ ಗಲ್ಲ ಹಿಡಿದು ಮುಖ ತಿರುಗಿಸಿದಳು.

“ನೋವಾದ್ರೆ ಹೇಳಿ ಮಾಮ. ಈಗ ಹೇಳ್ಬಹುದು.”

ಹೇಳಿದೆ. ಬೀದಿಯ ಕೊನೆಯಲ್ಲಿ ಹೋಗುತ್ತಿದ್ದ ಭಾವ ಹಿಂತಿರುಗಿ ನೋಡುವ ಹಾಗೆ ಹೇಳಿದೆ.