ತಮ್ಮನ ಹೆಸರಲ್ಲಿ ಚೆಂಡೆಸೆದ ಅಣ್ಣ

ನನ್ನ ಅಜ್ಜ ಎವಾರಿಸ್ತೊ ಬೌತಿಸ್ತನಿಗೆ ಎಂಬತ್ತೆರಡು ವರ್ಷ. ಸಾನ್ ಪೆದ್ರೊದ ಈ ಸಕ್ಕರೆ ಕಾರ್ಖಾನೆಯ ಕೇರಿಯಲ್ಲಿ ಅವನ ಬೇಸ್‌ಬಾಲ್ ಕತೆ ಕೇಳದವರಿಲ್ಲ. ಕಿವುಡರಾದರೂ ಬಚಾವಾಗುತ್ತಿದ್ದರೇನೋ, ಆದರೆ ಅವರಿಗೂ ಕೈಸನ್ನೆ ಮಾಡಿ ಹೇಳಿದ್ದಾನೆ. ಅಮೆರಿಕದಲ್ಲಿ ಇವನು ಎಸೆದ ಚೆಂಡು ಯಾರ ಕಣ್ಣಿಗೂ ಕಾಣುತ್ತಿರಲಿಲ್ಲವಂತೆ. ಆಡಿದ್ದು ಒಂದು ಬೇಸಿಗೆ, ಹೇಳಿದ್ದು ಅರವತ್ತು ವರ್ಷ.

ಕಳೆದ ತಿಂಗಳು ನಮ್ಮ ಮೈದಾನದ ಸಮಿತಿಯವರು, ಹೊರದೇಶಕ್ಕೆ ಹೋಗಿ ಆಡಿದ ಊರಿನವರ ಹೆಸರನ್ನು ಗೋಡೆಯ ಮೇಲೆ ಬರೆಸುತ್ತೇವೆ, ದಾಖಲೆ ತನ್ನಿ ಎಂದರು. ಅಜ್ಜನಿಗೆ ಊಟ ಸೇರದಾಯಿತು. ಸಾಯುವ ಮೊದಲು ಗೋಡೆಯ ಮೇಲೆ ತನ್ನ ಹೆಸರು ನೋಡಬೇಕು, ಅದೊಂದೇ ಆಸೆ. ಹೋಟೆಲಿನಲ್ಲಿ ಕೆಲಸ ಮಾಡುವ ನನಗೆ ಇಂಗ್ಲಿಷ್ ಬರುತ್ತದೆಂದು, ತನ್ನ ಹಳೆಯ ಬಿಸ್ಕತ್ತಿನ ಡಬ್ಬಿಯನ್ನು ತಂದು ನನ್ನ ಮಡಿಲಿಗೆ ಹಾಕಿದ.

ಇಲಿ ತಿಂದ ಕೈಗವಸು, ಹೊಲಿಗೆ ಬಿಟ್ಟ ಚೆಂಡು, ಒಂದು ಕರಾರುಪತ್ರ, ಒಂದು ಪತ್ರಿಕೆಯ ತುಣುಕು. ತುಣುಕಿನಲ್ಲಿ ಎದೆಯುಬ್ಬಿಸಿ ನಿಂತ ಅಜ್ಜನ ಚಿತ್ರ. ಕೆಳಗೆ ಹೆಸರು ಒಲೆಗಾರಿಯೊ ಬೌತಿಸ್ತ, ವಯಸ್ಸು ಹದಿನೆಂಟು.

ನನಗೇನೂ ಆಶ್ಚರ್ಯವಾಗಲಿಲ್ಲ. ಇಪ್ಪತ್ತೆರಡು ತುಂಬಿದವನನ್ನು ಅಮೆರಿಕದ ತಂಡಗಳವರು ಮೂಸಿಯೂ ನೋಡುವುದಿಲ್ಲ, ಹದಿನೆಂಟರವನೆಂದರೆ ಮುಗಿಬೀಳುತ್ತಾರೆ. ಹಾಗಾಗಿ ಅಣ್ಣಂದಿರು ತಮ್ಮಂದಿರ ಜನನ ಪತ್ರ ಹಿಡಿದು ವಿಮಾನ ಹತ್ತುವುದು ನಮ್ಮಲ್ಲಿ ನಡೆದುಬಂದದ್ದೇ. ಒಲೆಗಾರಿಯೊ ಎಂದರೆ ಅಜ್ಜನ ತಮ್ಮ, ಮೂಲೆಯ ಅಂಗಡಿಯ ನನ್ನ ಚಿಕ್ಕಜ್ಜ.

"ಅಜ್ಜ, ಈ ಪತ್ರಿಕೆ ಪ್ರಕಾರ ಆರು ಆಟದಲ್ಲಿ ಐದು ಸೋತಿದ್ದೀಯಲ್ಲ?"

"ಸೋತಿದ್ದು ತಂಡ ಕಣೇ, ನಾನಲ್ಲ."

"ಮತ್ತೆ ಗೆದ್ದಿದ್ದು?"

"ಅದು ನಾನೇ."

ಅಷ್ಟರಲ್ಲಿ ಚಿಕ್ಕಜ್ಜನೇ ಬಂದ. ಇಸ್ತ್ರಿ ಮಾಡಿದ ಬಿಳಿಯಂಗಿ, ಮೈಗೆ ಅತ್ತರು. ಸುದ್ದಿ ಅವನಿಗೂ ಮುಟ್ಟಿತ್ತು.

"ದಾಖಲೆಯೆಲ್ಲ ನನ್ನ ಹೆಸರಲ್ಲಿದೆ. ಗೋಡೆ ಮೇಲೂ ನನ್ನ ಹೆಸರೇ ಬರ್ಲಿ," ಎಂದ.

"ಎಣ್ಣೆ ಅಳೆಯೋ ಕೈ ಅದು! ಯಾವತ್ತಾದ್ರೂ ಚೆಂಡು ಮುಟ್ಟಿದ್ಯೇನೋ?" ಎಂದು ಅಜ್ಜ ನಕ್ಕ. ನಾನೂ ನಕ್ಕೆ.

"ಕಾರ್ಖಾನೆ ತಂಡಕ್ಕೆ ಎರಡು ವರ್ಷ ಎಸೆದಿದ್ದೀನಿ, ಮರೆತ್ಯಾ? ಅಮೆರಿಕದವನೊಬ್ಬ ಬಂದು ನೋಡಿ, ಕಾಗದ ಹಾಕ್ತೀವಿ ಅಂದಿದ್ದ. ವರ್ಷವಿಡೀ ಕಾದೆ. ಬರ್ಲಿಲ್ಲ."

"ಹೇಗೆ ಬರತ್ತೆ? ನೀನೆಸೆದ ಚೆಂಡೇ ಇನ್ನೂ ಬಂದು ಮುಟ್ಟಿಲ್ಲವಂತೆ!"

ಡಬ್ಬಿಯ ತಳದಲ್ಲಿ ಇನ್ನೊಂದು ಕಾಗದವಿತ್ತು. ಮುಂದೇನಿದೆ ಎಂದು ನೋಡದೆಯೇ ನಾನು ಗಟ್ಟಿಯಾಗಿ ಓದಿ ಹೇಳತೊಡಗಿದೆ. "ಒಲೆಗಾರಿಯೊ ಬೌತಿಸ್ತ ಅವರಿಗೆ. ನಮ್ಮವರು ನಿಮ್ಮ ಎಸೆತವನ್ನು ಬಹಳ ಹೊಗಳಿದ್ದಾರೆ. ಆದರೆ ಎರಡು ವರ್ಷದ ಹಿಂದೆ ನಮ್ಮಲ್ಲಿ ಆಡಿ, ಭುಜ ಕೆಟ್ಟು ಹಿಂದಿರುಗಿದವರು ನೀವೇ ಎಂದು ನಮ್ಮ ದಾಖಲೆ ಹೇಳುತ್ತದೆ. ಮತ್ತೆ ಕರೆಸಿಕೊಳ್ಳಲಾರೆವು."

ಚಿಕ್ಕಜ್ಜ ಕುರ್ಚಿಯ ಬೆನ್ನು ಹಿಡಿದುಕೊಂಡ. "ಇದು ನನಗೆ ಬಂದಿದ್ದು."

"ಆ ಹೆಸರಿಗೆ ಬರೋ ಕಾಗದ ಎಲ್ಲಾ ನನ್ನದೇ ಅಲ್ವೇನೋ ಆಗ? ಒಡೆದೆ. ಇಂಗ್ಲಿಷು, ನನಗೇನು ಅರ್ಥವಾಗತ್ತೆ?"

"ಬಚ್ಚಿಡೋಷ್ಟು ಅರ್ಥವಾಗಿತ್ತು."

ಚಿಕ್ಕಜ್ಜ ನನ್ನಿಂದ ಹಾಳೆ, ಪೆನ್ನು ಕೇಳಿ ಪಡೆದು ನಿಂತಲ್ಲೇ ಬರೆದ: 'ಈ ದಾಖಲೆಗಳಲ್ಲಿರುವವನು ನಾನಲ್ಲ, ನನ್ನ ಅಣ್ಣ ಎವಾರಿಸ್ತೊ. ನಾನು ಎಂದೂ ಹೊರಗೆ ಹೋಗಿ ಆಡಲಿಲ್ಲ. ಯಾಕೆಂದು ಅವನನ್ನೇ ಕೇಳಿ.' ಕೆಳಗೆ ಸಹಿ.

"ತಗೋ ಅಣ್ಣ, ಸಮಿತಿಗೆ ಕೊಡು. ಐದು ಸೋಲೂ ನಿನ್ನದೇ, ನನಗ್ಯಾಕೆ?" ಎಂದು ಹೊರಟುಹೋದ.

ಅಜ್ಜ ಆ ಹಾಳೆಯನ್ನು ನನ್ನಿಂದ ಎರಡು ಸಲ ಓದಿಸಿದ. ಆಮೇಲೆ ಮೆಲ್ಲಗೆ ಕೇಳಿದ, "ಆ ಕೊನೇ ಸಾಲು ಕತ್ತರಿಸಿದ್ರೆ ಹೇಗೆ ಮಗಳೇ?"

"ಸಹಿ ಅದರ ಕೆಳಗಿದೆ."

"ಸಹೀನ ಮೇಲಕ್ಕೆ ಅಂಟಿಸಿದ್ರೆ?"

"ಥೂ, ನಾಚಿಕೆ ಆಗಲ್ವಾ ನಿನಗೆ?" ಎಂದು ಕೂಗಿಬಿಟ್ಟೆ. ನನಗೆ ಅಳು ಬಂದಿತ್ತು. ಚಿಕ್ಕಜ್ಜನನ್ನು ನೋಡಿ ನಾನೂ ನಕ್ಕಿದ್ದೆನಲ್ಲ, ಆ ಸಂಕಟವೇ ಹೆಚ್ಚಾಗಿತ್ತು.

ದಾಖಲೆ ಕೊಡುವ ಕೊನೆಯ ದಿನದವರೆಗೂ ಅಜ್ಜ ಆ ಹಾಳೆಯನ್ನು ಸಮಿತಿಗೆ ಕೊಡಲಿಲ್ಲ. ಗೋಡೆಗೆ ಬಣ್ಣ ಬಳಿದು ಹತ್ತೊಂಬತ್ತು ಹೆಸರು ಬರೆದರು. ಅದರಲ್ಲಿ ಬೌತಿಸ್ತ ಎಂಬವರು ಒಬ್ಬರೂ ಇಲ್ಲ. ಸದ್ಯ, ಇನ್ನಾದರೂ ಈ ಪುರಾಣ ನಿಂತೀತು ಎಂದುಕೊಂಡೆ.

ನಿನ್ನೆ ಸಂಜೆ ಚಿಕ್ಕಜ್ಜನ ಅಂಗಡಿಗೆ ಹೋಗಿದ್ದೆ. ಹೊರಗೆ ಡಾಮಿನೊ ಆಡುವವರ ನಡುವೆ ಅಜ್ಜ ಕುಳಿತಿದ್ದ. "ಸಮಿತಿಯೋರು ಕಾಲಿಗೆ ಬಿದ್ರು ಕಣ್ರಯ್ಯಾ. ನಾನೇ ಬೇಡ ಅಂದೆ. ತಮ್ಮನ ಮನಸ್ಸು ನೋಯಬಾರ್ದು ನೋಡಿ," ಎಂದು ಹೇಳುತ್ತಿದ್ದ. ಎಲ್ಲರೂ ಹೌದು ಹೌದು ಎಂದು ತಲೆಯಾಡಿಸಿದರು.

ಒಳಗೆ ಚಿಕ್ಕಜ್ಜ ನನಗೆ ಅವರೆಕಾಳು ತೂಗುತ್ತಿದ್ದ. ಅವನಿಗೂ ಕೇಳಿಸಿತು. ಪೊಟ್ಟಣ ಕಟ್ಟಿ ನನ್ನ ಮುಂದಿಟ್ಟು, "ಇನ್ನೇನು ಬೇಕಮ್ಮಾ?" ಎಂದ.