ಟ್ಯಾಂಕಿಗೆ ಹಚ್ಚಿದ ಅರಿಶಿನ

ನಮ್ಮ ಹಳೇ ಕೊಟ್ಟಿಗೆಯಲ್ಲಿ ಈಗ ಹಸು ಇಲ್ಲ, ಬೈಕುಗಳಿವೆ. ಮಗನ ಮಗಳು ಅಲ್ಲಿ ಕೂತು ಹಳೇ ಬೈಕುಗಳನ್ನು ಬಿಚ್ಚಿ, ಕತ್ತರಿಸಿ, ಬೇರೆಯದೇ ಆಕಾರ ಕೊಟ್ಟು ಕಟ್ಟುತ್ತಾಳೆ. ಕೊಡಿಗೇಹಳ್ಳಿಯ ನಮ್ಮ ಬೀದಿಯವರು ಮೊದಮೊದಲು ಬಂದು ನೋಡಿ ನಕ್ಕು ಹೋಗುತ್ತಿದ್ದರು. ನಾನೂ ನಕ್ಕಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಮೊದಲ ಎರಡು ಬೈಕು ತನಗೊಂದು, ಗೆಳತಿಗೊಂದು ಮಾಡಿದಳು. ಮೂರನೆಯದು ಹೊರಗಿನವರದು. ಚಿಕ್ಕಜಾಲದ ಕಡೆಯ, ನಲವತ್ತು ದಾಟಿದ ಗಂಡಸು. ತನ್ನ ಹಳೇ ಬೈಕನ್ನು ತಂದು ನಿಲ್ಲಿಸಿ, ಅವಳನ್ನು ಮೇಲಿಂದ ಕೆಳಗೆ ನೋಡಿ, "ಮೇಡಂ, ಕೆಲಸ ಮಾಡೋರು ಯಾರು? ಅವ್ರ ಹತ್ರ ಮಾತಾಡ್ಬೇಕಿತ್ತು" ಅಂದ.

"ನಾನೇ ಸರ್ ಮಾಡೋದು."

ಅವನು ನನ್ನ ಮುಖ ನೋಡಿದ. ನಾನು ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. "ನನ್ನೇನ್ ನೋಡ್ತೀಯಪ್ಪಾ, ನಾನಂತೂ ಮಾಡಾಕಿಲ್ಲ" ಅಂದೆ. ಬೈಕು ಬಿಟ್ಟು ಹೋದ. ಬಿಡುವ ಮನಸ್ಸು ಪೂರ್ತಿ ಇರಲಿಲ್ಲ ಅಂತ ಅವನ ನಡಿಗೆಯಲ್ಲೇ ಗೊತ್ತಾಯಿತು.

ಅವರೆಕಾಯಿ ಕಾಲದಲ್ಲಿ ಹಿಡಿದ ಕೆಲಸ ಆಯುಧಪೂಜೆಯ ಹೊತ್ತಿಗೆ ಮುಗಿಯಿತು. ಟ್ಯಾಂಕಿಗೆ ಹಾಲಿನ ಕೆನೆ ಬಣ್ಣ, ಹೊಳಪು ಒಂದಿಷ್ಟೂ ಇಲ್ಲ. ಬಣ್ಣ ಹೊಡೆಯುವವನು ಅರ್ಧಕ್ಕೆ ಎದ್ದು ಹೋದ ಹಾಗಿದೆ ಅಂತ ಹೇಳಿದೆ.

"ಅದು ಮ್ಯಾಟ್ ಅಜ್ಜಿ, ಇರೋದೇ ಹಂಗೆ. ಪಾಲಿಶ್ ಹಾಕಂಗಿಲ್ಲ, ಉಜ್ಜಂಗಿಲ್ಲ. ಉಜ್ಜಿದ್ ಕಡೆ ಮಾತ್ರ ಮಿಂಚತ್ತೆ. ಆಮೇಲೆ ಇಡೀ ಟ್ಯಾಂಕ್ ಮತ್ತೆ ಪೇಂಟ್ ಮಾಡ್ಬೇಕು."

ಅವಳು ಬೈಕು ತೊಳೆಯುವ ರೀತಿಯೇ ಬೇರೆ. ಓಡಿಸಿ ತಂದ ಕೂಡಲೇ ನೀರು ಮುಟ್ಟಿಸುವುದಿಲ್ಲ, ಇಂಜಿನ್ ತಣ್ಣಗಾಗಲಿ ಅಂತ ಕಾಯುತ್ತಾಳೆ. ಹೊಗೆ ಕೊಳವೆಯ ಬಾಯಿಗೆ ಬಟ್ಟೆ ತುರುಕುತ್ತಾಳೆ. ಗಾಳಿ ಎಳೆಯುವ ಫಿಲ್ಟರ್ ಹೊರಗೇ ಕಾಣುವ ಹಾಗಿರುವುದರಿಂದ ಅದಕ್ಕೆ ಪ್ಲಾಸ್ಟಿಕ್ ಕವರ್ ಹಾಕಿ ರಬ್ಬರ್ ಬ್ಯಾಂಡ್ ಸುತ್ತುತ್ತಾಳೆ. ಪೈಪು ಹಿಡಿದು ಜೋರಾಗಿ ನೀರು ಬಿಟ್ಟರೆ ಬೇರಿಂಗಿನ ಗ್ರೀಸೆಲ್ಲ ತೊಳೆದು ಹೋಗುತ್ತದಂತೆ. ಅದಕ್ಕೆ ಚೊಂಬಿನಲ್ಲೇ ನೀರು. ಎರಡು ಬಕೆಟ್ಟು. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು, ಇಲ್ಲದಿದ್ದರೆ ಬಟ್ಟೆಗೆ ಹತ್ತಿದ ಮರಳೇ ಬಣ್ಣವನ್ನು ಗೀರುತ್ತದೆ. ಮೇಲಿನಿಂದ ಶುರು, ಚಕ್ರ ಕೊನೆಗೆ, ಚಕ್ರಕ್ಕೆ ಬೇರೆ ಬಟ್ಟೆ. ಬೋರ್ ನೀರು ಆಗದು, ಬಿಳಿ ಕಲೆ ಕೂರುತ್ತದೆ. ಹಾಗಾಗಿ ನಾನು ಡ್ರಮ್ಮಿನಲ್ಲಿ ಹಿಡಿದಿಟ್ಟ ಕಾವೇರಿ ನೀರೇ ಬೇಕು. ನಾನು ಮೂರು ಮಕ್ಕಳಿಗೆ ಇಷ್ಟು ನಾಜೂಕಾಗಿ ನೀರು ಹಾಕಲಿಲ್ಲ. ಅವೂ ಬದುಕಿವೆ.

ಇಷ್ಟೆಲ್ಲ ನೋಡಿದ್ದವಳು ನಾನು. ಆದರೂ ಮಾಡಿದೆ.

ಹಬ್ಬದ ದಿನ ಗುರುವಾರ. ಅವಳು ಚಿಕ್ಕಜಾಲದವನ ಬೈಕಿಗೆ ಹೊಲಿಸಿದ್ದ ಸೀಟು ತರಲು ಆರ್‌.ಟಿ. ನಗರಕ್ಕೆ ಹೋಗಿದ್ದಳು. ನಾನು ಅರಿಶಿನ ಕಲಸಿಕೊಂಡು ಬೋರ್ ಮೋಟರಿಗೆ ಹಚ್ಚಿದೆ, ಗ್ರೈಂಡರಿಗೆ, ಮಚ್ಚಿಗೆ, ಮಗನ ಸ್ಕೂಟರಿಗೆ, ಅವಳ ಸ್ಪ್ಯಾನರುಗಳಿಗೆ ಹಚ್ಚಿದೆ. ಕೊಟ್ಟಿಗೆಯಲ್ಲಿ ಆ ಬೈಕು ಬೋಳಾಗಿ ನಿಂತಿತ್ತು. ಎಲ್ಲಕ್ಕೂ ಮಾಡಿ ಅದೊಂದನ್ನು ಬಿಡುವುದು ಹೇಗೆ? ದೀಪದ ಗಾಜಿಗೆ ಕುಂಕುಮ ಇಟ್ಟೆ. ಟ್ಯಾಂಕಿನ ಮೇಲೆ ಮೂರು ಬೆರಳಲ್ಲಿ ಅರಿಶಿನ ಎಳೆದೆ. ಉಜ್ಜಬೇಡ ಅಂದಿದ್ದಳು, ಹಚ್ಚಬೇಡ ಅಂದಿರಲಿಲ್ಲ.

ಸಂಜೆ ಬಂದವಳು ಸೀಟು ಕೈಯಲ್ಲಿ ಹಿಡಿದೇ ನಿಂತಳು.

"ಯಾರ್ ಹಚ್ಚಿದ್ದು?"

"ನಾನೇ. ಹಬ್ಬ ಅಲ್ವೇನೇ."

ಬೈಯಲಿಲ್ಲ. ಶಾಂಪೂ ನೀರು ತಂದು ಬಟ್ಟೆ ಇಟ್ಟು ಎಳೆದಳು. ಗಾಜಿನ ಕುಂಕುಮ ಹೋಯಿತು, ಟ್ಯಾಂಕಿನ ಮೂರು ಗೆರೆ ಹೋಗಲಿಲ್ಲ. ಹೊಳಪಿಲ್ಲದ ಬಣ್ಣ ಅರಿಶಿನವನ್ನು ಕುಡಿದುಬಿಟ್ಟಿತ್ತು. ಮತ್ತೆ ಎಳೆದಳು. ನಾನು ಹತ್ತಿರ ಹೋದರೆ "ನೀನ್ ದೂರ ಇರು" ಅಂದಳು. ಕೊನೆಗೆ ಎಂದೂ ಬೈಕಿನ ಹತ್ತಿರ ಬಿಡದ ಬಟ್ಟೆ ಸೋಪನ್ನು ತಾನೇ ತಂದು ಹಚ್ಚಿದಳು. ಹಳದಿ ಇದ್ದದ್ದು ರಕ್ತದ ಹಾಗೆ ಕೆಂಪಾಯಿತು.

"ಅಜ್ಜೀ!"

"ಅರಿಸ್ನಕ್ಕೆ ಸೋಪ್ ಆಕುದ್ರೆ ಕೆಂಪಾಗ್ದೆ ಇನ್ನೇನಾಯ್ತದೆ? ಒಂದಿನಾನಾರ ಸೀರೆ ಒಗ್ದಿದ್ರೆ ಗೊತ್ತಾಗಿರೋದು."

ಅವಳು ನೆಲದ ಮೇಲೆ ಕೂತುಬಿಟ್ಟಳು. "ಭಾನುವಾರ ಗಾಡಿಯವ್ರು ಬರ್ತಾರೆ ಅಜ್ಜಿ. ಹೊಸದಾಗಿ ಪೇಂಟ್ ಮಾಡೋಕೆ ಹತ್ತು ದಿನ ಬೇಕು. ಇದನ್ನ ನೋಡಿದ್ರೆ ಅವ್ರು ಮೊದ್ಲೇ ಅಂದ್ಕೊಂಡಿದ್ದು ನಿಜ ಆಗೋಗತ್ತೆ. ಇವ್ಳ ಕೈಲಾಗಲ್ಲ ಅಂತ."

"ಮೊದ್ಲು ಆ ಸೋಪ್ ಓಗೋ ಅಂಗೆ ಬರೀ ನೀರಾಕು. ತಿರ್ಗಾ ಅಳದಿ ಆಯ್ತದೆ. ನಾಳೆ ಬಿಸ್ಲಿಗಿಡು. ಅರಿಸ್ನ ಓಗೋದು ಬಿಸ್ಲಿಗೇಯ."

"ಬಿಸಿಲಲ್ಲಿ ತೊಳೀಬಾರ್ದು ಅಂತ ಶಾಂಪೂ ಬಾಟ್ಲಲ್ಲೇ ಬರ್ದಿದಾರೆ ಅಜ್ಜಿ."

"ತೊಳಿ ಅಂದ್ನಾ? ಇಡು ಅಂದೆ."

ನೀರು ಹಾಕಿದಳು. ಹಳದಿಗೆ ತಿರುಗಿತು. ಆಗ ನನ್ನ ಮಾತು ಕೇಳುವ ಮನಸ್ಸು ಬಂತು. ಸೀರೆಯನ್ನಾದರೆ ನಾನು ಒದ್ದೆ ಮಾಡಿಯೇ ಬಿಸಿಲಿಗೆ ಹಾಕುವುದು. ಅವಳು ಒಪ್ಪಲಿಲ್ಲ, ಬಿಸಿಲಲ್ಲಿ ಹನಿ ಒಣಗಿದರೆ ಅದರದೇ ಕಲೆ ಅಂದಳು. ಸರಿ, ಒಣಗಿದ ಟ್ಯಾಂಕೇ ಇಡೋಣ ಅಂದೆ. ಪೆಟ್ರೋಲ್ ಎಲ್ಲ ತೆಗೆದು, ಟ್ಯಾಂಕ್ ಬಿಚ್ಚಿ, ಒರೆಸಿ, ಬೆಳಿಗ್ಗೆ ತಾರಸಿಗೆ ಒಯ್ದು ಹಳೇ ಹತ್ತಿ ಸೀರೆಯ ಮೇಲೆ ಇಟ್ಟಳು. ಕಾಯುವ ಕೆಲಸ ನನ್ನದು.

"ಬಳೆ ತೆಗಿ. ಎತ್ತಿ ಇಡೋವಾಗ ಗೀರಾಗತ್ತೆ."

ಎಷ್ಟು ವರ್ಷದಿಂದ ಕೈಯಲ್ಲೇ ಇದ್ದ ಬಳೆಗಳೋ. ಸೋಪು ಹಚ್ಚಿ ಎಳೆದು ತೆಗೆಸಿದಳು. ಚರ್ಮ ಕಿತ್ತುಬಂತು. ತಪ್ಪು ನನ್ನದು, ಕೈ ಎಳೆದುಕೊಳ್ಳಲಿಲ್ಲ.

ಶುಕ್ರವಾರ ಮೋಡ. ಮಧ್ಯಾಹ್ನ ಸ್ವಲ್ಪ ಬಿಸಿಲು ಬಿತ್ತು ಅನ್ನುವಷ್ಟರಲ್ಲಿ ಪಕ್ಕದ ನಾಲ್ಕಂತಸ್ತಿನ ಪಿ.ಜಿ. ಕಟ್ಟಡದ ನೆರಳು ನಮ್ಮ ತಾರಸಿಗೆ ಬಂತು. ಆ ಜಾಗ ಅವರಿಗೆ ಮಾರಿದ್ದೂ ನಾವೇ. ನೆರಳು ಬಂದಂತೆಲ್ಲ ಟ್ಯಾಂಕನ್ನು ಜರುಗಿಸುತ್ತಾ ಮೂಲೆಯವರೆಗೆ ಹೋದೆ, ಅದರ ಆಚೆ ಜಾಗವಿರಲಿಲ್ಲ. ಸಂಜೆ ಅವಳು ಬಂದು ನೋಡಿದಳು. ಗೆರೆ ಹಾಗೇ ಇದ್ದವು. ಊಟ ಮಾಡಲಿಲ್ಲ.

"ಭಾನುವಾರ ಅವ್ರ ಮುಂದೆ ನೀನ್ ಬಾಯ್ ಬಿಡ್ಬೇಡ. ಏನ್ ಹೇಳ್ಬೇಕೋ ನಾನ್ ನೋಡ್ಕೋತೀನಿ" ಅಂದಳು. ಆಗಲಿ ಅಂದೆ.

ಶನಿವಾರ ಚುರುಗುಟ್ಟುವ ಬಿಸಿಲು. ಹನ್ನೊಂದು ಗಂಟೆಗೆ ಗೆರೆ ಮಸುಕಾದವು. ಎರಡು ಗಂಟೆಗೆ ಎರಡು ಗೆರೆ ಕಾಣಲೇ ಇಲ್ಲ. ಮೂರನೆಯದು ಸೀಟಿನ ಕಡೆಯ ತುದಿಯಲ್ಲಿ, ಗೊತ್ತಿದ್ದವರು ಹುಡುಕಿದರೆ ಸಿಗುವಷ್ಟು ಉಳಿಯಿತು. ಸಂಜೆ ಟ್ಯಾಂಕ್ ಕೂರಿಸಿ, ಭಾನುವಾರ ಬೆಳಿಗ್ಗೆ ಇಡೀ ಬೈಕನ್ನು ನನ್ನ ಎರಡು ಬಕೆಟ್ ಕಾವೇರಿ ನೀರಲ್ಲಿ ತೊಳೆದು ಒರೆಸಿ ನಿಲ್ಲಿಸಿದಳು.

ಬೈಕಿನವನು ತಾಯಿಯನ್ನು ಬಾಡಿಗೆ ಕಾರಿನಲ್ಲಿ ಕರೆದುಕೊಂಡು ಬಂದ. ಬೈಕಿನ ಸುತ್ತ ಎರಡು ಸುತ್ತು ಬಂದ. ಕೊನೆಗೆ, "ಮೇಡಂ, ಇದು ನನ್ ಗಾಡೀನೇನಾ?" ಅಂದ. ಇವಳ ಮುಖ ನೋಡಬೇಕಿತ್ತು.

ಅಷ್ಟರಲ್ಲಿ ಆ ತಾಯಿ ಚೀಲದಿಂದ ನಿಂಬೆಹಣ್ಣು, ಊದುಬತ್ತಿ, ಒಂದು ಸ್ಟೀಲ್ ಬಟ್ಟಲು ತೆಗೆದಿದ್ದಳು. ಅರಿಶಿನ ಮನೆಯಲ್ಲೇ ಕಲಸಿ ತಂದಿದ್ದಳು. ಬೆರಳು ಅದ್ದಿ ಟ್ಯಾಂಕಿನ ಕಡೆ ಕೈ ಚಾಚಿದಳು. ಮೊಮ್ಮಗಳು ಒಂದು ಹೆಜ್ಜೆ ಮುಂದಿಟ್ಟು ನಿಂತಳು. ಪೂಜೆಗೆ ಬಂದ ಹಿರಿಯಳನ್ನು ಬೇಡ ಅನ್ನುವುದು ಹೇಗೆ?

ನಾನು ಹೋಗಿ ಆ ತಾಯಿಯ ಮಣಿಕಟ್ಟು ಹಿಡಿದೆ.

"ಬ್ಯಾಡ ಕಣಮ್ಮ. ಇದಕ್ಕೆ ನಾನು ಅರಿಸ್ನ ಹಚ್ಚಿ, ಅದು ಓಗ್ದೆ, ಎರಡು ದಿನ ತಾರ್ಸಿ ಮ್ಯಾಲೆ ಬಿಸ್ಲು ಕಾದಿದೀನಿ."

"ಅಯ್ಯ, ನಮ್ಮನೆ ಟ್ರ್ಯಾಕ್ಟರ್‌ಗೆ ಹಚ್ತೀವಿ, ಏನೂ ಆಗಾಕಿಲ್ವಲ್ಲ!"

"ಟ್ರ್ಯಾಕ್ಟರ್‌ಗೆ ಸಗಣಿ ಹಚ್ಚುದ್ರೂ ಏನೂ ಆಗಾಕಿಲ್ಲ. ಇದು ಅಂಗಲ್ಲ."

ಅವಳ ಮಗ ನನ್ನನ್ನು ನೋಡಿದ, ಮೊಮ್ಮಗಳನ್ನು ನೋಡಿದ. "ಟ್ಯಾಂಕಿಗೆ ಅರಿಶಿನ ಹತ್ತಿತ್ತಾ? ಎಲ್ಲಿ?"

ಇಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಮೊಮ್ಮಗಳು ಬೆರಳಿಟ್ಟು ತೋರಿಸಿದಳು. "ಇಲ್ಲಿ ಸರ್, ಸೀಟ್ ಹತ್ರ. ಸ್ವಲ್ಪ ಉಳ್ದಿದೆ. ಬೇಡ ಅಂದ್ರೆ ಹತ್ತು ದಿನ ಕೊಡಿ, ಮತ್ತೆ ಪೇಂಟ್ ಮಾಡ್ಕೊಡ್ತೀನಿ."

ಅವನು ಕುಕ್ಕರಗಾಲಲ್ಲಿ ಕೂತು ಈ ಕಡೆಯಿಂದ ಆ ಕಡೆಯಿಂದ ನೋಡಿದ. ಎದ್ದ. "ಅಮ್ಮಾ, ಟೈರಿಗೆ ಹಚ್ಚು" ಅಂದ. ಆಮೇಲೆ ಇವಳ ಕಡೆ ತಿರುಗಿ, "ಮೇಡಂ, ಇದನ್ನ ತೊಳ್ಯೋದು ಹೆಂಗೆ ಅಂತ ಸರಿಯಾಗಿ ಹೇಳ್ಕೊಡಿ. ನಾನು ಏನಾದ್ರೂ ಮಾಡಿ ಹಾಳ್ ಮಾಡಿಬಿಟ್ಟೇನು" ಅಂದ. ಅವಳು ಎರಡು ಬಕೆಟ್ಟಿನಿಂದ ಶುರು ಮಾಡಿದಳು. ಅವನು ಫೋನಿನಲ್ಲಿ ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡ. ತಾಯಿ ಟೈರಿಗೆ ಅರಿಶಿನ ಹಚ್ಚಿ, ನಿಂಬೆಹಣ್ಣು ಇಟ್ಟು, ನನ್ನ ಕಡೆ ಮುಖ ಮಾಡದೆ ಕಾರು ಹತ್ತಿದಳು.

ಬೈಕು ಹೋದ ಮೇಲೆ ಮೊಮ್ಮಗಳು, "ಬಾಯ್ ಬಿಡ್ಬೇಡ ಅಂದಿದ್ನಲ್ಲ ನಿಂಗೆ" ಅಂದಳು.

"ಬಿಡ್ದಿದ್ರೆ ನಾಳೆ ತಿರ್ಗಾ ತಾರ್ಸಿ ಮ್ಯಾಲೆ ಕೂತ್ಕೋಬೇಕಿತ್ತು. ನಂಗೆ ಬ್ಯಾರೆ ಕೆಲ್ಸ ಇಲ್ವಾ?"

ಬಳೆಗಳನ್ನು ಮತ್ತೆ ಹಾಕಿಕೊಂಡಿಲ್ಲ, ಬೀರುವಿನಲ್ಲಿವೆ. ಕೊಟ್ಟಿಗೆಗೆ ನಾಲ್ಕನೇ ಬೈಕು ಬಂದಿದೆ, ಒರೆಸುವ ಕೆಲಸ ನನಗೆ ಕೊಟ್ಟಿದ್ದಾಳೆ. ಅದರ ಟ್ಯಾಂಕು ಬಿಳಿ.