ಗುವಾಹಟಿ ಎಷ್ಟು ದೂರ

ದೂರದಲ್ಲಿರುವವರು ಕಣ್ಣಿಗೆ ಕಂಡರು ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದವಳು. ಶಿಡ್ಲಘಟ್ಟದ ಹೈಸ್ಕೂಲೊಂದರಲ್ಲಿ ಭೂಗೋಳ ಹೇಳಿಕೊಡುತ್ತಿದ್ದೆ. ದೂರವೆಂದರೆ ನನಗೆ ಸ್ಕೇಲು ಇಟ್ಟು ಅಳೆಯುವ ಸಂಗತಿ. ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ಮನೆಯಲ್ಲೇ ನಡೆದದ್ದನ್ನು ಇದ್ದಂತೆ ಹೇಳುತ್ತೇನೆ. ನಂಬುವುದು, ಬಿಡುವುದು ನಿಮಗೆ ಬಿಟ್ಟದ್ದು.

ನನ್ನ ತಮ್ಮ ಶಂಕರ ಗುವಾಹಟಿಯಲ್ಲಿ ಚಹಾ ಗೋದಾಮೊಂದರಲ್ಲಿ ಕೆಲಸಕ್ಕಿದ್ದ. ಅಮ್ಮ ನನ್ನ ಜೊತೆಗಿದ್ದಳು. ಒಂದು ಸಲ ಜ್ವರ ಹಿಡಿದು ಮಲಗಿದಳು. ಭಾನುವಾರದಿಂದ ಅವಳದು ಒಂದೇ ಮಾತು.

"ಶಂಕರಂಗೆ ತಂತಿ ಕೊಡೇ. ವಿಮಾನದಾಗೆ ಬರ್ತಾನೆ."

ನಾನು ಅಟ್ಲಾಸ್ ತೆಗೆದು ನೋಡಿದೆ. ಗುವಾಹಟಿಯಿಂದ ಕಲ್ಕತ್ತಾಕ್ಕೆ ಒಂದು ಗಂಟೆಯ ಹಾರಾಟ. ಅಲ್ಲಿಂದ ಬೆಂಗಳೂರಿಗೆ ಸಾವಿರದೈನೂರು ಕಿಲೋಮೀಟರಿಗೂ ಹೆಚ್ಚು, ಎರಡೂವರೆ ಗಂಟೆ. ಆಮೇಲೆ ಬಸ್ಸು. ಮಧ್ಯೆ ವಿಮಾನ ತಪ್ಪಿದರೆ ಒಂದು ರಾತ್ರಿ ಕಲ್ಕತ್ತಾದಲ್ಲೇ. ಇಷ್ಟು ದೂರದಿಂದ ಅವನನ್ನು ಗಾಬರಿಯಲ್ಲಿ ಓಡಿಸುವುದೇಕೆ, ನಾಲ್ಕು ದಿನದಲ್ಲಿ ಜ್ವರ ಇಳಿದೀತು ಎಂದುಕೊಂಡೆ. ನಿಜ ಹೇಳಬೇಕೆಂದರೆ ಒಳಗೆ ಸಿಟ್ಟೂ ಇತ್ತು. ಹಗಲೂ ರಾತ್ರಿ ನೋಡಿಕೊಳ್ಳುವವಳು ನಾನು, ಅವಳು ಹಂಬಲಿಸುವುದು ಅವನಿಗೆ. ಸೋಮವಾರ "ಕೊಟ್ಟೆ ಕಣಮ್ಮ" ಎಂದು ಸುಳ್ಳು ಹೇಳಿದೆ.

ಬುಧವಾರ ಮಧ್ಯಾಹ್ನ ನಾನು ಅಡುಗೆಮನೆಯಲ್ಲಿದ್ದಾಗ ಅಮ್ಮ ಯಾರೊಂದಿಗೋ ಮಾತಾಡುತ್ತಿದ್ದಳು. ಸ್ವಲ್ಪ ಹೊತ್ತು ಬಿಟ್ಟು ಗಂಜಿ ತೆಗೆದುಕೊಂಡು ಹೋದೆ. ಅವಳೊಬ್ಬಳೇ ಇದ್ದಳು. ಎಷ್ಟೋ ದಿನದ ಮೇಲೆ ಮುಖ ಗೆಲುವಾಗಿತ್ತು.

"ಶಂಕರ ಬಂದಿದ್ದ. ಮೀಸೆ ಬೋಳಿಸ್ಕೊಂಡವ್ನೆ ಕಣೇ, ಚಿಕ್ಕ ಹುಡುಗನ ಥರ ಕಾಣ್ತಾನೆ. ಎಡಗೈ ಹೆಬ್ಬೆಟ್ಟಿಗೆ ಬಟ್ಟೆ ಸುತ್ಕೊಂಡವ್ನೆ. ಏನಾಯ್ತೋ ಅಂದ್ರೆ ಏನೂ ಇಲ್ಲ ಅಂದ."

"ಅಲ್ಲಿಂದ ಹೆಂಗಮ್ಮ ಬರ್ತಾನೆ? ಕನಸು ಬಿದ್ದಿರ್ಬೇಕು" ಎಂದೆ.

"ನೀನು ತಂತಿ ಕೊಟ್ಟಿದ್ಯಲ್ಲ, ಅದಕ್ಕೇ ಬಂದ" ಎಂದಳು.

ಆ ಮಾತು ಕೇಳಿ ನಿಲ್ಲಲಾಗಲಿಲ್ಲ. ಪಕ್ಕದ ಮನೆಯವರನ್ನು ಅವಳ ಹತ್ತಿರ ಕೂರಿಸಿ ಅಂಚೆ ಕಚೇರಿಗೆ ಓಡಿ ತಂತಿ ಕೊಟ್ಟೆ. ಗುರುವಾರ ಬೆಳಿಗ್ಗೆ ಅಮ್ಮ ಹೋದಳು. ಶಂಕರ ಶುಕ್ರವಾರ ಸಂಜೆ ಬಂದ. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಬಾಗಿಲಲ್ಲಿ ನಿಂತವನನ್ನು ನೋಡಿದೆ. ಮೀಸೆ ಇರಲಿಲ್ಲ. ಎಡಗೈ ಹೆಬ್ಬೆರಳಿಗೆ ಬಟ್ಟೆಯ ಪಟ್ಟಿ. ಬುಧವಾರ ಬೆಳಿಗ್ಗೆ ಚಹಾ ಪೆಟ್ಟಿಗೆಯ ತಗಡು ತಾಗಿ ಕುಯ್ದಿತಂತೆ. ಅವನ ಕೊನೆಯ ಕಾಗದ ಬಂದು ತಿಂಗಳಾಗಿತ್ತು, ಅದರಲ್ಲಿ ಮೀಸೆಯ ಸುದ್ದಿಯೇ ಇರಲಿಲ್ಲ. ಬುಧವಾರವಿಡೀ ಗೋದಾಮು ಬಿಟ್ಟು ಕದಲಿಲ್ಲ ಎಂದ.

ತಂತಿಯ ಕಾಗದ ಅವನ ಜೇಬಿನಲ್ಲಿತ್ತು. ಅದರ ಮೇಲೆ ಬುಧವಾರದ ತಾರೀಖೂ ಇತ್ತು.

"ಅಮ್ಮ ಯಾವತ್ತಿಂದ ಕೇಳ್ತಿದ್ಲು ಅಕ್ಕ?"

"ಭಾನುವಾರದಿಂದ" ಎಂದೆ. ಮತ್ತೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅವನು ಬೈಯಲಿಲ್ಲ. ಹಿತ್ತಲಿಗೆ ಹೋಗಿ ಬಹಳ ಹೊತ್ತು ಕೂತಿದ್ದ. ಬಂದ ಮೇಲೆ ಅಮ್ಮ ಅವನನ್ನು ಕಂಡ ವಿಷಯ ಹೇಳಿದೆ.

ಜ್ವರದ ಭ್ರಮೆ ಎಂದರೆ ಹೆಬ್ಬೆರಳ ಗಾಯ ಅವಳಿಗೆ ಹೇಗೆ ತಿಳಿಯಿತು? ನನಗೆ ಇವತ್ತಿಗೂ ಗೊತ್ತಾಗಿಲ್ಲ. ಶಂಕರನಿಗೆ ಅದು ಬೇಕೂ ಇಲ್ಲ. ಊರಿಗೆ ಬಂದಾಗಲೆಲ್ಲ ಅವನು ಕೇಳುವುದು ಬೇರೆಯೇ.

"ಅವತ್ತು ನನ್ ಹತ್ರ ಅಮ್ಮ ಏನೇನ್ ಮಾತಾಡಿದ್ಲು, ಅಕ್ಕ?"

ಅವತ್ತು ಅಡುಗೆಮನೆಯಲ್ಲಿ ಪಂಪ್ ಸ್ಟವ್ ಜೋರಾಗಿ ಸದ್ದು ಮಾಡುತ್ತಿತ್ತು. ಅವಳ ಮಾತನ್ನು ನಾನು ಕೇಳಿಸಿಕೊಳ್ಳಲಿಲ್ಲ.